ದಸರೆಗೆ ಕೊಟ್ಟ ಡ್ರಮ್ಮು

ಆ ಶೇಠನನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದವರು ಹಳೆಯದನ್ನು ಬರೆಯಲು ಕೂತರೆ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರನ್ನೂ ಕ್ಷಮಿಸಿ ಕೈತೊಳೆದುಕೊಂಡಿರುತ್ತಾರೆ. ನನಗೆ ಆ ದೊಡ್ಡತನ ಬಂದಿಲ್ಲ, ಬರುವುದೂ ಬೇಡ. ಅವನು ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೂ ನನ್ನ ಸಿಟ್ಟು ಇದ್ದಲ್ಲೇ ಇದೆ.

ಎಪ್ಪತ್ತನೇ ಇಸವಿಯ ಆಸುಪಾಸಿನ ಮಾತು. ನಾವು ಮೂವರು ವಿಜಾಪುರದ ಕಡೆಯಿಂದ ಬಂದು ಮುಂಬಯಿಯ ವಿಲೆ ಪಾರ್ಲೆಯ ಪೂರ್ವಕ್ಕೆ ಒಂದು ಚಾಳಿನ ಎರಡನೇ ಮಾಳಿಗೆಯಲ್ಲಿ ಖೋಲಿ ಹಿಡಿದಿದ್ದೆವು. ಅಣ್ಣ, ಅವನ ಹೆಂಡತಿ, ನಾನು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ನನಗೆ ಆಗ ಹತ್ತೊಂಬತ್ತು ಇರಬೇಕು. ವೈನಿ ನನಗಿಂತ ಐದಾರು ವರ್ಷ ದೊಡ್ಡವಳು. ತಾಯಿಯಿಲ್ಲದ ನನಗೆ ತಲೆ ಬಾಚಿ, ಬೈದು, ಬಡಿಸಿ ಮನುಷ್ಯಳನ್ನಾಗಿ ಮಾಡಿದವಳು ಅವಳು. ಅಣ್ಣ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ನಾವಿಬ್ಬರೂ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿದ್ದ ಒಂದು ಜಾಕೀಟಿನ ಕಾರ್ಖಾನೆಗೆ ಹೋಗುತ್ತಿದ್ದೆವು.

ಮುಂಬಯಿಯಲ್ಲಿ ಚಳಿ ಅಂದರೆ ವರ್ಷಕ್ಕೆ ನಾಲ್ಕು ದಿನ, ಅದೂ ಬೆಳಗಿನ ಹೊತ್ತು ಸೆರಗು ಹೊದ್ದುಕೊಳ್ಳುವಷ್ಟು. ಅಂಥ ಊರಿನಲ್ಲಿ ಬೆವರು ಸುರಿಸುತ್ತ ಕೂತು ನಾವು ಹಿಮ ಬೀಳುವ ದೇಶದವರಿಗೆ ಜಾಕೀಟು ಮಾಡುತ್ತಿದ್ದೆವು. ಹೊರಗೆ ಕಿತ್ತಳೆ, ನೀಲಿ ಬಣ್ಣದ ನೈಲಾನ್ ಬಟ್ಟೆ. ಒಳಗೆ ನಾವು ಪ್ಲಾಸ್ಟಿಕ್ ಹತ್ತಿ ಅನ್ನುತ್ತಿದ್ದ ಬಿಳಿಯ ಅರಳೆ. ಗಾಳಿ, ನೀರು ಒಳಗೆ ಬರದಂತೆ ಬಟ್ಟೆಯ ಹಿಂಬದಿಗೆ ರಬ್ಬರಿನ ಸೊಲ್ಯೂಶನ್ ಬಳಿಯಬೇಕು. ಅದು ವೈನಿಯ ಕೆಲಸ. ಸೊಲ್ಯೂಶನ್ ಗಟ್ಟಿಯಾದರೆ ಡ್ರಮ್ಮಿನಿಂದ ಥಿನ್ನರ್ ತೆಗೆದು ಬೆರೆಸುತ್ತಿದ್ದಳು. ನೋಡಲು ನೀರಿನ ಹಾಗೇ ಇತ್ತು, ವಾಸನೆ ಮಾತ್ರ ಸಿಹಿ. ಕೈಗೆ ಅಂಟಿದ್ದನ್ನು ಬಿಡಿಸಲು ಅದರಲ್ಲೇ ಕೈ ತೊಳೆಯುತ್ತಿದ್ದೆವು. ನಾನು ಬಾಗಿಲ ಹತ್ತಿರ ಕೂತು ಹತ್ತಿ ತುಂಬುವುದು, ಚೈನು ಕೂರಿಸುವುದು, ಕೊನೆಗೆ ಕೊರಳಿನ ಒಳಗೆ ಇಂಗ್ಲಿಷಿನ ಒಂದು ಸಣ್ಣ ಪಟ್ಟಿ ಹೊಲಿಯುವುದು ಮಾಡುತ್ತಿದ್ದೆ. ಆ ಪಟ್ಟಿಯ ವಿಷಯ ಆಮೇಲೆ ಬರುತ್ತದೆ.

ಕಿಟಕಿ ತೆರೆಯುವಂತಿರಲಿಲ್ಲ. ರಸ್ತೆಯ ಧೂಳು ಹಸಿ ಸೊಲ್ಯೂಶನ್ನಿಗೆ ಅಂಟಿದರೆ ಮಾಲು ವಾಪಸು ಬರುತ್ತದೆ. ಫ್ಯಾನೂ ಹಾಕುವಂತಿರಲಿಲ್ಲ, ಬಳಿಯುವ ಮೊದಲೇ ಒಣಗಿ ಕೆನೆ ಕಟ್ಟುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಳಗಿದ್ದವರಿಗೆಲ್ಲ ವಿನಾಕಾರಣ ನಗು ಬರುತ್ತಿತ್ತು. ಯಾರೋ ಕತ್ತರಿ ಬೀಳಿಸಿದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಸಂಜೆಗೆ ತಲೆ ಸಿಡಿಯುತ್ತಿತ್ತು. ನಮ್ಮ ಕಾರ್ಖಾನೆಯ ಹೆಂಗಸರು ಬಲು ಖುಷಿಯವರು ಅಂತ ಮಾಲೀಕ ಶೇಠ ಬಂದವರಿಗೆಲ್ಲ ಹೇಳುತ್ತಿದ್ದನಂತೆ.

ಶೇಠನ ಆಫೀಸು ಪಟ್ಟಣದ ಆ ತುದಿಗೆ ಫೋರ್ಟಿನಲ್ಲಿತ್ತು. ಶನಿವಾರಕ್ಕೊಮ್ಮೆ ಕಾರಿನಲ್ಲಿ ಬಂದು, ಬಾಗಿಲಲ್ಲೇ ನಿಂತು, ಅತ್ತರು ಹಾಕಿದ ಕರವಸ್ತ್ರ ಮೂಗಿಗೆ ಹಿಡಿದು ಎಲ್ಲ ನೋಡಿ ಹೋಗುತ್ತಿದ್ದ. ಒಮ್ಮೆಯೂ ಹೊಸ್ತಿಲು ದಾಟಿ ಒಳಗೆ ಬಂದವನಲ್ಲ. ನಮ್ಮ ಬೆವರಿನ ವಾಸನೆಗೆ ಮೂಗು ಮುಚ್ಚುತ್ತಾನೆ ಅಂದುಕೊಂಡು ನಾವು ನಾಚಿಕೆಪಡುತ್ತಿದ್ದೆವು. ಶನಿವಾರ ಬಂತೆಂದರೆ ವೈನಿ ಸೋಪು ಹೆಚ್ಚಿಗೆ ಹಚ್ಚಿ ಮೈ ತಿಕ್ಕಿಕೊಳ್ಳುತ್ತಿದ್ದಳು. ಇದನ್ನು ನೆನೆದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ.

ನಾನು ಕೆಲಸಕ್ಕೆ ಸೇರಿದ ವರ್ಷ ದಸರೆಯ ಖಂಡೇಪೂಜೆಯ ದಿನ ಮಷೀನುಗಳಿಗೆಲ್ಲ ಚೆಂಡುಹೂವಿನ ಮಾಲೆ ಹಾಕಿ, ಕತ್ತರಿ, ಬ್ರಶ್ಶುಗಳಿಗೆ ಅರಿಸಿನ ಕುಂಕುಮ ಹಚ್ಚಿದೆವು. ಶೇಠ ಬಂದು ಪೇಡೆ ಹಂಚಿದ. ಆಮೇಲೆ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ಥಿನ್ನರಿನ ಖಾಲಿ ಡ್ರಮ್ಮುಗಳನ್ನು ತೋರಿಸಿ ಹೇಳಿದ, "ಹರ್ ಘರ್ ಕೋ ಏಕ್. ಪಾನಿ ಭರನೇ ಕೇ ಲಿಯೇ. ಮೇರೀ ತರಫ್ ಸೇ." ಮನೆಗೊಂದು, ನೀರು ತುಂಬಿಡಲು, ತನ್ನ ಕಡೆಯಿಂದ ಅಂತ.

ನಮ್ಮ ಚಾಳಿನಲ್ಲಿ ನೀರು ಬೆಳಗ್ಗೆ ಒಂದು ತಾಸು, ಅದೂ ಕೆಳಗಿನ ನಳಕ್ಕೆ ಮಾತ್ರ. ಎರಡು ಕೊಡ, ಒಂದು ಬಕೀಟು ತುಂಬಿಟ್ಟುಕೊಂಡು ಇಡೀ ದಿನ ನೂಕಬೇಕು. ಹಬ್ಬಕ್ಕೆ ಸೀರೆ ಕೊಟ್ಟಿದ್ದರೂ ನಮಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ. ಹೆಂಗಸರೆಲ್ಲ ಡ್ರಮ್ಮಿಗೆ ಮುಗಿಬಿದ್ದರು. ನಮ್ಮ ಪಕ್ಕದ ಖೋಲಿಯಲ್ಲಿ ಗುಲ್ಬರ್ಗಾ ಕಡೆಯ, ಎಲ್ಲರೂ ಖಾಲಾ ಅಂತ ಕರೆಯುವ ಹೆಂಗಸು ಇದ್ದಳು, ವೈನಿಯ ಜೊತೆಯಲ್ಲೇ ಬ್ರಶ್ಶು ಹಿಡಿಯುವವಳು. ಅವಳೂ ನಾನೂ ಒಂದೇ ಡ್ರಮ್ಮಿಗೆ ಕೈ ಹಾಕಿದೆವು. ಆ ಡ್ರಮ್ಮಿನ ಮುಚ್ಚಳ ಎಲ್ಲಕ್ಕಿಂತ ಬಿಗಿಯಾಗಿತ್ತು, ತೆಗೆದರೆ ಒಳಗಿನಿಂದ ಘಮ್ಮೆಂದು ಸಿಹಿ ವಾಸನೆ ಬರುತ್ತಿತ್ತು. ಬೇರೆಯವು ಮುಚ್ಚಳ ಬಿಟ್ಟುಕೊಂಡು ಬಿಸಿಲಿಗೆ ಒಣಗಿದ್ದವು, ವಾಸನೆಯೇ ಇರಲಿಲ್ಲ.

"ಯೇ ಮೈ ಪಹಲೇ ದೇಖೀ!" ಅಂದಳು ಖಾಲಾ.

"ನೀ ನೋಡಿದ್ದಿ, ನಾ ಹಿಡದೀನಿ," ಅಂತ ಜಗಳ ಮಾಡಿ ಗೆದ್ದುಕೊಂಡು ಬಂದೆ. ಇಷ್ಟು ವರ್ಷಗಳಲ್ಲಿ ನಾನು ಗೆದ್ದ ಜಗಳಗಳು ಬೇಕಾದಷ್ಟಿವೆ. ಅದೊಂದನ್ನು ಸೋತಿದ್ದರೆ ಆಗುತ್ತಿತ್ತು.

ಹುಣಿಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದೆ, ಆದರೂ ವಾಸನೆ ಪೂರ್ತಿ ಹೋಗಲಿಲ್ಲ. ಮೇಲೆ ಏನೇನೋ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ನಾಲ್ಕನೇ ಇಯತ್ತೆವರೆಗೆ ಕನ್ನಡ ಓದಿದವಳು, ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಹಬ್ಬದ ಡ್ರಮ್ಮು ಕಾರ್ಖಾನೆಯ ಡ್ರಮ್ಮಿನಂತೆ ಕಾಣಬಾರದು ಅಂತ ಅಣ್ಣ ಸೈಟಿನಿಂದ ತಂದ ಕೆಂಪು ಬಣ್ಣವನ್ನು ಅಕ್ಷರಗಳ ಮೇಲೆ ದಪ್ಪಗೆ ಬಳಿದೆ. ಅದರ ಮೇಲೆ ಸುಣ್ಣದಲ್ಲಿ ಸ್ವಸ್ತಿಕ ಬರೆದೆ. ವೈನಿ ಗಂಗವ್ವ ಮನೆಗೆ ಬಂದಳು ಅಂತ ಆರತಿ ಬೆಳಗಿ ಮೊದಲ ಕೊಡ ನೀರು ಸುರಿದಳು. ಕುಡಿಯುವುದೂ ಅದರಿಂದಲೇ, ಅಡುಗೆಗೂ ಅದೇ. ನೀರಿನ ಮೇಲೆ ಒಮ್ಮೊಮ್ಮೆ ಬಣ್ಣಬಣ್ಣದ ತೆಳು ಪರೆ ಕಾಣುತ್ತಿತ್ತು. ವೈನಿ ಅದನ್ನು ಕೈಯಿಂದ ಸರಿಸಿ ತಂಬಿಗೆ ಅದ್ದುತ್ತಿದ್ದಳು.

ಬೇಸಿಗೆ ಹೊತ್ತಿಗೆ ವೈನಿ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರತೊಡಗಿದಳು. ಆಮೇಲೆ ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಕಂಡವು, ತೋಳಿನಲ್ಲಿ, ತೊಡೆಯಲ್ಲಿ, ಏನೂ ತಾಗದೆಯೇ. ನಳದ ಹತ್ತಿರ ಹೆಂಗಸರು ಪಿಸುಗುಟ್ಟಿದರು, ಗಂಡ ಹೊಡೆಯುತ್ತಾನೆ ಅಂತ. ಜೋರಾಗಿ ಮಾತಾಡಲೂ ಬಾರದ ನನ್ನ ಅಣ್ಣ ನೀರಿಗೆ ಬಂದರೆ ಎಲ್ಲರೂ ಅವನನ್ನು ಕಣ್ಣಲ್ಲೇ ಸುಡುತ್ತಿದ್ದರು. ವೈನಿ ಕೊಡ ಅಲ್ಲೇ ಕುಕ್ಕಿ ಒಂದು ದಿನ ಕೂಗಿ ಹೇಳಿದಳು, "ನನ್ನ ಗಂಡ ಬೈದ್ರೂ ತಿರುಗಿ ಕ್ಷಮಾ ಕೇಳೂವಂಥಾವ. ನಿಮ್ಮ ಬಾಯಾಗ ಹುಳಾ ಬೀಳಲಿ!" ಹಾಗೆ ಕೂಗುವಾಗ ಅವಳ ಹಲ್ಲಿನ ಸಂದಿಯಲ್ಲಿ ರಕ್ತ ಕಂಡಿತು. 

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತೆಗೆದು ನೋಡಿದ ಡಾಕ್ಟರರು ಮೈಯಲ್ಲಿ ಹೊಸ ರಕ್ತವೇ ಹುಟ್ಟುತ್ತಿಲ್ಲ ಅಂದರು. ಏನು ಕೆಲಸ ಅಂತ ಕೇಳಿದರು. ಹೇಳಿದೆ. ಅವರು ವೈನಿಯ ಕೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಅದರಲ್ಲಿ ಏನಿದೆ, ಹೆಸರು ಬೇಕು. ಡ್ರಮ್ಮಿನ ಮೇಲೆ ಬರೆದಿರುತ್ತದೆ. ಹೆಸರು ಗೊತ್ತಾದರೆ ಏನು ಮಾಡಬೇಕೋ ನೋಡೋಣ. ಗೊತ್ತಾಗುವ ತನಕ ಆ ಕೋಣೆಗೆ ಕಳಿಸಬೇಡಿ," ಅಂತ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು.

ಹೆಸರು. ನಾನೇ ಕೆಂಪು ಬಳಿದು ಮುಚ್ಚಿದ ಹೆಸರು. ಮನೆಗೆ ಓಡಿ ಬಂದು ಈಳಿಗೆಯಿಂದ ಬಣ್ಣ ಹೆರೆದೆ. ಬಣ್ಣದ ಜೊತೆ ಅಕ್ಷರವೂ ಕಿತ್ತು ಬಂತು, ಕೆಳಗೆ ಬರೀ ತಗಡು. ನನ್ನನ್ನು ನೋಡಿ ಅಕ್ಕಪಕ್ಕದವರೂ ತಮ್ಮ ಡ್ರಮ್ಮುಗಳಿಗೆ ಬಣ್ಣ ಬಳಿದಿದ್ದರು. ಕಾರ್ಖಾನೆಗೆ ಹೋಗಿ ನೋಡಿದರೆ ಅಲ್ಲಿ ಹೊಸದಾಗಿ ಬಂದ ಡ್ರಮ್ಮುಗಳ ಮೇಲಿನ ಕಾಗದವನ್ನು ಯಾರೋ ಕಿತ್ತು ತೆಗೆದಿದ್ದರು. ಆಗ ನನಗೆ ಮೊದಲ ಸಲ ಅನುಮಾನ ಬಂತು.

ಲೋಕಲ್ ಹಿಡಿದು ಫೋರ್ಟಿಗೆ ಹೋದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಫ್ಯಾನಿನ ಕೆಳಗೆ ಕೂತ ಶೇಠ ನನ್ನನ್ನು ನಿಲ್ಲಿಸಿಕೊಂಡೇ ಮಾತಾಡಿದ.

"ನಾಮ್? ನಾಮ್ ಕಾ ಕ್ಯಾ ಕರೇಗೀ? ಕುಛ್ ನಹೀಂ ಹೈ ಉಸ್ ಮೇ. ಪಾನಿ ಜೈಸಾ ಹೈ. ತೇರೀ ಭಾಭೀ ಕಮಜೋರ್ ಹೈ, ಉಪವಾಸ್ ಬಹುತ್ ಕರತೀ ಹೈ ತುಮ್ ಲೋಗ್. ದೂಧ್ ಪಿಲಾ."

ನಿನ್ನ ವೈನಿ ಉಪವಾಸದಿಂದ ಸೊರಗಿದ್ದಾಳೆ, ಹಾಲು ಕುಡಿಸು ಅಂತ ಹೆಸರು ಕೊಡದೆ ಕಳಿಸಿದ. ವಾಪಸು ಬರುವಾಗ ರೈಲಿನಲ್ಲಿ ಅವನ ಮಾತೇ ಕಿವಿಯಲ್ಲಿತ್ತು: ನೀರಿನ ಹಾಗೆ. ಸರಿ, ನೀರಿನ ಹಾಗಿದ್ದರೆ ನೀನೇ ಒಂದು ದಿನ ಕುಡಿಯುವೆಯಂತೆ ಅಂದುಕೊಂಡೆ. ಮನೆಗೆ ಬಂದವಳೇ ಯಾರಿಗೂ ಡ್ರಮ್ಮಿನ ನೀರು ಕುಡಿಯಗೊಡಲಿಲ್ಲ. ತಳದಲ್ಲಿ ಉಳಿದಿದ್ದ ನೀರನ್ನು ಚೆಲ್ಲಲಿಲ್ಲ. ಬಿಗಿಯಾದ ಆ ಮುಚ್ಚಳ ಹಾಕಿ ಹಾಗೇ ಇಟ್ಟೆ. ಯಾಕೆ ಅಂತ ವೈನಿ ಕೇಳಿದ್ದಕ್ಕೆ ಏನೋ ಒಂದು ಹೇಳಿದೆ. ಅಕ್ಕಪಕ್ಕದವರಿಗೂ ಅವರವರ ಡ್ರಮ್ಮಿನ ನೀರು ಕುಡಿಯಬೇಡಿರೆಂದೆ. ಕಾಯಿಲೆಯ ಚಿಂತೆಯಲ್ಲಿ ಹುಡುಗಿಗೆ ತಲೆ ಕೆಟ್ಟಿದೆ ಅಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಖಾಲಾಳ ಒಸಡಿನಲ್ಲೂ ರಕ್ತ ಬಂತು, ಇನ್ನೊಬ್ಬಳಿಗೂ ಬಂತು. ಬ್ರಶ್ಶು ಹಿಡಿಯುವವರು ಒಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಅಲ್ಲಿ ಹಿಮ ಬೀಳುವ ಮೊದಲು ಹಡಗು ಹತ್ತಬೇಕಾದ ಮಾಲು ಅರ್ಧಕ್ಕೇ ನಿಂತಿತು. ಹೀಗಾಗಿ ಆ ದಸರೆಗೆ ಶೇಠ ತಾನೇ ನಮ್ಮ ಚಾಳಿಗೆ ಬಂದ. ಪೇಡೆಯ ಡಬ್ಬಿಗಳನ್ನು ಹೊರಿಸಿಕೊಂಡು, ಕೈಯಲ್ಲಿ ಬನ್ನಿ ಎಲೆ ಹಿಡಿದು. ಬನ್ನಿ ಕೊಟ್ಟವರನ್ನು ಆ ದಿನ ನಾವು ತಿರುಗಿಸಿ ಕಳಿಸುವುದಿಲ್ಲ, ಮುಖ ಕಂಡರಾಗದವರೂ ಬನ್ನಿ ಕೊಟ್ಟು ಬಂಗಾರದಂಗಿರೋಣ ಅನ್ನುವ ದಿನ ಅದು. ಇದನ್ನು ಅವನು ಯಾರಿಂದಲೋ ಕೇಳಿ ತಿಳಿದುಕೊಂಡೇ ಬಂದಿದ್ದ.

ಮಟಮಟ ಮಧ್ಯಾಹ್ನ. ಅಕ್ಟೋಬರಿನ ಬಿಸಿಲಿಗೆ ಎರಡು ಮಾಳಿಗೆ ಹತ್ತಿ ಬಂದವನ ಅಂಗಿ ಬೆನ್ನಿಗೆ ಅಂಟಿತ್ತು. ಮೊಗಸಾಲೆಯಲ್ಲಿ ಕುರ್ಚಿ ಹಾಕಿದರು, ಸುತ್ತ ಹೆಂಗಸರೆಲ್ಲ ಸೇರಿದರು. ನಮ್ಮ ಬಾಗಿಲಿಗೆ ಒರಗಿ ವೈನಿ ಶಾಲು ಹೊದ್ದು ಕೂತಿದ್ದಳು. ಆ ಸೆಖೆಯಲ್ಲೂ ಅವಳಿಗೆ ಚಳಿ. ಶೇಠ ಅವಳಿಗೇ ಮೊದಲು ಬನ್ನಿ ಕೊಟ್ಟ. "ಸಬ್ ಅಫವಾ ಹೈ," ಅಂದ, ಎಲ್ಲ ಗಾಳಿಮಾತಂತೆ. "ಪಾನಿ ಜೈಸೀ ಚೀಜ್ ಸೇ ಕಿಸೀ ಕೋ ಕುಛ್ ನಹೀಂ ಹೋತಾ. ಕಲ್ ಸೇ ಕಾಮ್ ಪೇ ಆವೋ."

ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ನಮ್ಮ ರೂಢಿ. ಒಳಗೆ ಹೋದೆ. ಕೊಡದಲ್ಲಿ ಅವತ್ತು ಬೆಳಗ್ಗೆ ತುಂಬಿದ ಒಳ್ಳೆಯ ನೀರಿತ್ತು. ನಾನು ಡ್ರಮ್ಮಿನ ಮುಚ್ಚಳ ತೆಗೆದೆ. ಸಿಹಿ ವಾಸನೆ ಮೂಗಿಗೆ ಹೊಡೆಯಿತು. ಲೋಟ ಅದ್ದಿದೆ. ಅತ್ತರಿನ ಕರವಸ್ತ್ರ ಮೂಗಿಗೆ ಒತ್ತಿಕೊಂಡವನಿಗೆ ಈ ವಾಸನೆ ಎಲ್ಲಿ ಹತ್ತುತ್ತದೆ? ಅವನು ಪೂರ್ತಿ ಕುಡಿದು ಖಾಲಿ ಲೋಟ ವಾಪಸು ಕೊಟ್ಟ ಮೇಲೆ ಹೇಳುವುದು ಅಂತ ನನ್ನ ಲೆಕ್ಕ. ಹೆದರಿಸಲು ಮಾಡಿದೆ ಅಂತ ಈಗ ಸುಳ್ಳು ಬರೆಯುವುದಿಲ್ಲ. ಅವನ ಗಂಟಲಲ್ಲಿ ಅದು ಇಳಿಯುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು.

ಬೆಲ್ಲ ಬಾಯಿಗೆ ಹಾಕಿಕೊಂಡ. ಲೋಟ ಎತ್ತಿ ತುಟಿಯ ಹತ್ತಿರ ತಂದ.

"ಶೇಠಜೀ, ಮತ್ ಪಿಯೋ," ಅಂತ ತಡೆದಳು ವೈನಿ. ಅವಳಿಗೆ ಬರುತ್ತಿದ್ದ ಹಿಂದಿಯೇ ಅಷ್ಟು. "ಡ್ರಮ್ ಕಾ ಹೈ."

ನಾನು ಮುಚ್ಚಳ ತೆಗೆದ ಸದ್ದು ಬಾಗಿಲಲ್ಲಿ ಕೂತವಳಿಗೆ ಕೇಳಿತ್ತು. ಶೇಠ ಲೋಟವನ್ನು ಮಾರುದೂರ ಹಿಡಿದ. ನೀರು ಅವನ ಬಿಳೀ ಪ್ಯಾಂಟಿನ ಮೇಲೆ ಚೆಲ್ಲಿತು. ಚೇಳು ಕಡಿದವನ ಹಾಗೆ ಎದ್ದು ನಿಂತು ಒರೆಸಿಕೊಂಡ.

"ಪಾಗಲ್ ಹೋ ಕ್ಯಾ? ಉಸ್ ಮೇ ಸೇ ಪೀನೇ ಕಾ ಪಾನಿ ದೇತೀ ಹೋ? ಮರನಾ ಹೈ?"

ಅದರ ನೀರು ಕುಡಿದರೆ ಸಾವು ಅಂತ ಅವನ ಬಾಯಿಂದಲೇ ಬಂತು. ಖಾಲಾ ಮುಂದೆ ಬಂದಳು. "ಪಾನಿ ಜೈಸಾ ಹೈ ಬೋಲ್ಯಾ ನಾ ಸೇಠ? ಪಿಯೋ ನಾ. ಡರ್ನೇಕು ಕ್ಯಾ ಹೈ? ಹಮ್ ಸಾಲ್ ಭರ್ ಪಿಯೇ."

"ಮೈಂ ನೇ ನಹಾನೇ ಧೋನೇ ಕೇ ಲಿಯೇ ದಿಯಾ ಥಾ," ಅಂದ ಶೇಠ, ಮೈ ತೊಳೆಯಲು, ಬಟ್ಟೆ ಒಗೆಯಲು ಕೊಟ್ಟದ್ದಂತೆ.

"ಪಾನಿ ಭರನೇ ಕೇ ಲಿಯೇ," ಅಂದೆ ನಾನು. ಅವನದೇ ಮಾತು, ಅವನದೇ ದನಿಯಲ್ಲಿ. ಅಲ್ಲಿದ್ದ ಎಲ್ಲರೂ ಅವನ ಬಾಯಿಂದ ಅದನ್ನು ಕೇಳಿದವರೇ. ಹೆಂಗಸರು ಮೆಟ್ಟಿಲಿಗೆ ಅಡ್ಡ ನಿಂತರು. ಯಾರೂ ಕೈ ಎತ್ತಲಿಲ್ಲ, ದಾರಿಯನ್ನೂ ಬಿಡಲಿಲ್ಲ. ನಾನು ಒಂದೇ ಕೇಳಿದೆ, "ನಾಮ್ ಬೋಲೋ."

ಹೇಳಿದ. ಬೆಂಜೀನ್. ಎರಡು ಸಲ ಹೇಳಿಸಿದೆ. ಪೇಡೆ ಅಲ್ಲೇ ಬಿಟ್ಟು ಇಳಿದು ಹೋದ. ಅವನ ಕಾರು ತಿರುವು ದಾಟುವ ಮೊದಲೇ ಡ್ರಮ್ಮುಗಳು ಉರುಳತೊಡಗಿದವು. ಎಲ್ಲ ಖೋಲಿಗಳ ನೀರು ಮೆಟ್ಟಿಲ ಮೇಲೆ ಹರಿದು ಅಂಗಳಕ್ಕೆ ಇಳಿಯಿತು. ನೀರಿಗಾಗಿ ದಿನವೂ ಜುಟ್ಟು ಹಿಡಿದುಕೊಳ್ಳುವ ಹೆಂಗಸರು ಅದು ಹರಿಯುವುದನ್ನು ನೋಡುತ್ತ ನಿಂತರು.

ನಾನು ವೈನಿಯ ಮೇಲೆ ಹರಿಹಾಯ್ದೆ. "ಯಾಕ ತಡದಿ? ಕುಡೀತಿದ್ದಾ! ಕುಡೀಲಿ ಬಿಡಬೇಕಿತ್ತು!"

"ಮನಿಗೆ ಬಂದಾವರಿಗೆ ಅಂಥಾ ನೀರು ಕೊಡಬಾರದವಾ," ಅಂದಳು.

"ಅವ ನಮಗ ಕೊಟ್ಟನಲ್ಲ?"

"ಅವ ಕೊಟ್ಟಾ ಅಂತ ನಾವು ಕೊಡೂದೇನು?" ಅವಳ ಕೈಯಲ್ಲಿ ಇನ್ನೂ ಅವನು ಕೊಟ್ಟ ಬನ್ನಿ ಎಲೆ ಇತ್ತು. ನಾನು ಅದನ್ನು ಕಿತ್ತುಕೊಂಡು ಹೊರಗೆಸೆದೆ.

ಬೆಂಜೀನ್, ಬೆಂಜೀನ್ ಅನ್ನುತ್ತ ದಾರಿಯುದ್ದಕ್ಕೂ ಜಪ ಮಾಡಿಕೊಂಡು ಆಸ್ಪತ್ರೆಗೆ ಹೋದೆ, ಮರೆತುಬಿಟ್ಟರೆ ಅಂತ. ಡಾಕ್ಟರರು ಪೆನ್ನು ಕೆಳಗಿಟ್ಟರು. ಡ್ರಮ್ಮಿನ ನೀರಿಗಿಂತ ಹೆಚ್ಚಾಗಿ ಆ ಮುಚ್ಚಿದ ಕೋಣೆಯ ಗಾಳಿಯೇ ಇದನ್ನು ಮಾಡಿದ್ದು, ನೀರು ಅದರ ಮೇಲಿನ ಪೆಟ್ಟು ಅಂದರು. ಬೇಗ ಬಿಟ್ಟವರು ಚೇತರಿಸಿಕೊಳ್ಳುತ್ತಾರೆ ಅಂತಲೂ ಹೇಳಿದರು. ಖಾಲಾ ಚೇತರಿಸಿಕೊಂಡಳು. ವೈನಿಗೆ ಅಣ್ಣ ರಕ್ತ ಕೊಟ್ಟ, ಅವನ ಸೈಟಿನವರು ಕೊಟ್ಟರು, ಯಾರದೆಲ್ಲವೋ ರಕ್ತ ಅವಳ ಮೈಯಲ್ಲಿ ನಾಲ್ಕಾರು ದಿನ ಇದ್ದು ಹೋಯಿತು. ಮುಂದಿನ ಮಳೆಗಾಲ ಅವಳು ನೋಡಲಿಲ್ಲ. ಕೊನೆಯ ವಾರ ಅವಳ ತಲೆ ಬಾಚಿದವಳು ನಾನು.

ಕಾರ್ಖಾನೆಯ ಬಾಗಿಲು ಮುಚ್ಚಿತು. ಊರಾಚೆ ಎಲ್ಲೋ ಬೇರೆ ಹೆಸರಿನಲ್ಲಿ ಮತ್ತೆ ಶುರುವಾಯಿತು ಅಂತ ಸುದ್ದಿ ಬಂತು. ನಾವು ಕೊಟ್ಟ ಅರ್ಜಿಗಳು ಎಲ್ಲಿ ಹೋದವೋ. ನಾನು ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಅಕ್ಕಿ ಆರಿಸುವ, ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದೆ. ಸಂಜೆ ಶಾಲೆಗೆ ಹೋಗಿ, ಸಿಟ್ಟಿಗೇ ಹೋಗಿ, ಇಂಗ್ಲಿಷ್ ಅಕ್ಷರ ಕಲಿತೆ. ನಾಲ್ಕೈದು ವರ್ಷದ ಮೇಲೆ, ಕೂಡಿಸಿ ಓದಲು ಬಂದ ದಿನ ಟ್ರಂಕಿನ ತಳದಿಂದ ಜಾಕೀಟಿನ ಒಂದು ಪಟ್ಟಿ ತೆಗೆದೆ. ನನ್ನ ಕೈಯಾರೆ ಪ್ರತಿ ಕೊರಳಿಗೂ ಹೊಲಿಯುತ್ತಿದ್ದ ಪಟ್ಟಿ, ಹೇಗೋ ಒಂದು ಉಳಿದುಕೊಂಡಿತ್ತು. ಹಾಕಿಕೊಳ್ಳುವ ಮೊದಲು ಒಂದು ದಿನ ಬಯಲು ಗಾಳಿಯಲ್ಲಿ ತೂಗುಹಾಕಬೇಕು ಅಂತ ಅದರಲ್ಲಿ ಬರೆದಿತ್ತು. ಜಾಕೀಟು ಹಾಕುವವರಿಗೆ ಒಂದು ದಿನದ ಗಾಳಿ. ಮಾಡುವವರಿಗೆ ಕಿಟಕಿ ಬಂದ್. ಎಲ್ಲ ತಿಳಿದೇ ಇತ್ತು ಅವನಿಗೆ. ಅದನ್ನು ನನ್ನ ಕೈಯಿಂದಲೇ ಹೊಲಿಸಿದ್ದ.

ಅದಾಗಿ ಹೆಚ್ಚು ದಿನ ಆಗಿರಲಿಲ್ಲ. ಊಟದ ಹೊತ್ತು, ಆಫೀಸಿನವರಿಂದ ಹೋಟೆಲು ತುಂಬಿತ್ತು. ಅಡುಗೆಮನೆಯ ಬಾಗಿಲಿನಿಂದ ನೋಡಿದೆ, ಮೂಲೆಯ ಮೇಜಿನಲ್ಲಿ ಶೇಠ. ತಲೆ ನರೆತಿತ್ತು, ಮೈ ತುಂಬಿಕೊಂಡಿತ್ತು. ಪೂರಿ ಭಾಜಿ ತಿನ್ನುತ್ತಿದ್ದ, ಖಾರ ಹತ್ತಿ ನೀರಿಗೆ ಕೂಗಿದ. ನಾನು ಕೈ ಒರೆಸಿಕೊಂಡು, ಹೋಟೆಲಿನ ಮಡಕೆಯಿಂದ ತಣ್ಣನೆಯ ನೀರು ತುಂಬಿ, ಹೊರಗೆ ಹೋಗಿ ಅವನ ಮುಂದೆ ಇಟ್ಟೆ.

ಲೋಟ ಎತ್ತಿದ. ತುಟಿಗೆ ತಂದ. ನಾನು ಅಲ್ಲೇ ನಿಂತಿದ್ದರಿಂದ ತಲೆ ಎತ್ತಿ ನೋಡಿದ.

"ಶೇಠಜೀ," ಅಂದೆ, "ಪಿಯೋ."

ಅವನಿಗೆ ಗುರುತು ಸಿಕ್ಕಿತ್ತು. ಲೋಟ ಕೆಳಗಿಟ್ಟ. ಬಾಯಲ್ಲಿ ಖಾರ, ಕಣ್ಣಲ್ಲಿ ನೀರು. ಸುತ್ತಲಿನವರೆಲ್ಲ ನೋಡುತ್ತಿದ್ದ ಹಾಗೇ, ಅರ್ಧ ತಿಂದ ಪೂರಿ ಬಿಟ್ಟು, ಕೈ ಸಹ ತೊಳೆಯದೆ ಎದ್ದು ಹೋದ. ಆಮೇಲೆ ಆ ಹೋಟೆಲಿಗೆ ಅವನು ಬರಲಿಲ್ಲ.

ಗಲ್ಲೆಯಲ್ಲಿದ್ದ ಮ್ಯಾನೇಜರು ಓಡಿ ಬಂದರು, ಉಡುಪಿ ಕಡೆಯವರು. "ಎಂತ ಮಾಡಿದ್ದು ನೀನು ಅವರಿಗೆ?"

"ನೀರ ಕೊಟ್ಟೆನ್ರೀ."

"ನೀರಲ್ಲಿ ಎಂತ ಉಂಟು?"

"ಏನೂ ಇಲ್ರೀ," ಅಂದೆ. ಅವನು ಬಿಟ್ಟುಹೋದ ಲೋಟ ಎತ್ತಿ, ಎಲ್ಲರ ಎದುರಿಗೆ ನಿಂತುಕೊಂಡೇ ಪೂರ್ತಿ ಕುಡಿದೆ. ನೀರು ಒಳ್ಳೆಯದೇ ಇತ್ತು.